ಹಿಡಿ ನೀರಿನ ಬೀಗ

ಹೊಸ ಮನೆಯ ಬಚ್ಚಲಲ್ಲಿ ಕೈ ತೊಳೆಯುವ ಬೇಸಿನ್ ಕೂರಿಸುವಾಗ ಎಲ್ಲರ ಗಮನವೂ ನಲ್ಲಿಯ ಹೊಳಪಿನ ಮೇಲೆ. ಬೇಸಿನ್ನಿನ ಕೆಳಗೆ ಬಾಗಿ ನಿಂತ ಕೊಳವೆಯನ್ನಾಗಲಿ, ಮನೆಯ ಹಿಂಗೋಡೆಯಲ್ಲಿ ತಾರಸಿಗಿಂತ ಎತ್ತರಕ್ಕೆ ಬಾಯ್ದೆರೆದು ನಿಂತ ಕೊಳವೆಯನ್ನಾಗಲಿ ಗಮನಿಸುವವರು ವಿರಳ. ಆದರೆ ಮನೆಮಂದಿಯ ಆರೋಗ್ಯ ಕಾಯುವುದು ಈ ಜೋಡಿಯೇ.

1775ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ನೀರು ಹಾಯಿಸುವ ಶೌಚಕ್ಕೆ ಪೇಟೆಂಟ್ ಪಡೆದ. ಅದರ ಕೊಳವೆಯನ್ನು ಆತ ಬಾಗಿಸಿದ್ದ. ಬಳಸಿದ ನೀರು ಹರಿದುಹೋದ ಮೇಲೂ ಬಾಗಿನಲ್ಲಿ ಒಂದಿಷ್ಟು ನೀರು ಉಳಿದು, ಚರಂಡಿಯ ದುರ್ವಾಸನೆ ಒಳಗೆ ಬಾರದಂತೆ ತಡೆಯುತ್ತಿತ್ತು. ಕದವಿಲ್ಲ, ಕೀಲಿಯಿಲ್ಲ; ಹಿಡಿ ನೀರೇ ಬೀಗ.

ಆದರೆ ಈ ಬೀಗಕ್ಕೂ ಒಂದು ದೌರ್ಬಲ್ಯವುಂಟು. ನೀರು ಕೊಳವೆ ತುಂಬ ರಭಸದಿಂದ ಇಳಿಯುವಾಗ ಅದರ ಹಿಂದೆ ಗಾಳಿಯ ಒತ್ತಡ ಕುಸಿಯುತ್ತದೆ. ಆ ಸೆಳೆತಕ್ಕೆ ಸಿಕ್ಕಿ ಬಾಗಿನಲ್ಲಿ ಉಳಿಯಬೇಕಾದ ನೀರೂ ಹೊರಟುಹೋಗುತ್ತದೆ. ಒಂದೇ ತೂತಿನ ಎಣ್ಣೆ ಡಬ್ಬ ಬಗ್ಗಿಸಿದರೆ ಎಣ್ಣೆ ತಡೆದು ತಡೆದು ಬೀಳುತ್ತದೆ. ಮೇಲೆ ಇನ್ನೊಂದು ತೂತು ಕೊರೆದರೆ ಸಲೀಸಾಗಿ ಇಳಿಯುತ್ತದೆ. ಗಾಳಿ ಕೊಳವೆಯೆಂಬುದು ಆ ಎರಡನೆಯ ತೂತು. ಹೊರಗಿನ ಗಾಳಿ ಅದರಿಂದ ಬಂದು ಒತ್ತಡವನ್ನು ಸರಿದೂಗಿಸುತ್ತದೆ. ಚರಂಡಿಯ ಕೆಟ್ಟ ಗಾಳಿ ಅದೇ ಹಾದಿಯಲ್ಲಿ ತಾರಸಿಯ ಮೇಲಕ್ಕೆ ಹೋಗುತ್ತದೆ.

ಇಂಗ್ಲೆಂಡಿನ ಶ್ರೀಮಂತರಿಗೆ ಈ ವಿಷಯ ಮನದಟ್ಟಾಗಲು ರಾಜಕುಮಾರನೇ ಹಾಸಿಗೆ ಹಿಡಿಯಬೇಕಾಯಿತು. 1871ರಲ್ಲಿ ರಾಣಿ ವಿಕ್ಟೋರಿಯಾಳ ಹಿರಿಯ ಮಗ ಎಡ್ವರ್ಡ್ ಸ್ಕಾರ್ಬರೋ ಪಟ್ಟಣದ ಬಂಗಲೆಯೊಂದರಲ್ಲಿ ಅತಿಥಿಯಾಗಿ ತಂಗಿದ್ದ. ಮರಳಿದ ಕೆಲವು ದಿನಗಳಲ್ಲೇ ಟೈಫಾಯ್ಡ್ ತಗುಲಿತು. ಜೊತೆಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲ್ ಅದೇ ಜ್ವರಕ್ಕೆ ಬಲಿಯಾದ. ರಾಜಕುಮಾರ ಸಾವಿನ ದವಡೆಯಿಂದ ಪಾರಾದ. ಬಂಗಲೆಯ ಚರಂಡಿಯ ಮೇಲೆ ಆರೋಪ ಬಂತು. ಅರಮನೆಯವರನ್ನೂ ಬಿಡದ ರೋಗ ತಮ್ಮನ್ನು ಬಿಟ್ಟೀತೇ ಎಂಬ ಅಂಜಿಕೆ ಮನೆಮನೆಗೂ ಹೊಕ್ಕಿತು. 1878ರಲ್ಲಿ ಲೀಡ್ಸ್ ನಗರದ ಶಸ್ತ್ರವೈದ್ಯ ಪ್ರಿಜಿನ್ ಟೀಲ್, ಮನೆಗಳ ಚರಂಡಿ ದೋಷಗಳನ್ನು ಚಿತ್ರಗಳಲ್ಲೇ ತೋರಿಸುವ ಪುಸ್ತಕ ಹೊರತಂದ.

ಸ್ವಾರಸ್ಯವೆಂದರೆ, ಈ ಎಲ್ಲ ಎಚ್ಚರಿಕೆಗೆ ಆಧಾರವಾಗಿದ್ದ ನಂಬಿಕೆಯೇ ತಪ್ಪಾಗಿತ್ತು. ಚರಂಡಿಯ ಗಾಳಿಯೇ ಜ್ವರ ತರುತ್ತದೆಂದು ಆಗ ಅನೇಕರು ತಿಳಿದಿದ್ದರು. 1880ರಲ್ಲಿ ಜರ್ಮನ್ ವಿಜ್ಞಾನಿ ಕಾರ್ಲ್ ಎಬರ್ಟ್ ಟೈಫಾಯ್ಡಿನ ರೋಗಾಣುವನ್ನು ಗುರುತಿಸಿದ. ಅದು ಹರಡುವುದು ಮಲಿನ ನೀರು, ಆಹಾರಗಳಿಂದ, ವಾಸನೆಯಿಂದಲ್ಲ. ಕಾರಣ ತಪ್ಪಿದರೂ ಕೊಳವೆ ಮಾತ್ರ ಉಳಿಯಿತು.

ಅದು ಉಳಿದದ್ದು ಒಳ್ಳೆಯದೇ ಆಯಿತೆಂದು ಹಾಂಗ್‌ಕಾಂಗ್ ತೋರಿಸಿತು. 2003ರಲ್ಲಿ ಅಲ್ಲಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ಅಂಟಿತು. 40ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆಗೆ ಹೊರಟವರು ಬಂದು ತಲುಪಿದ್ದು ಬಚ್ಚಲಿಗೆ. ಅಲ್ಲಿನವರು ನೆಲಕ್ಕೆ ನೀರು ಸುರಿಯದೆ ಒರೆಸುತ್ತಿದ್ದರಿಂದ ನೆಲದ ಟ್ರ್ಯಾಪುಗಳಲ್ಲಿ ನೀರು ಆರಿತ್ತು. ಬಚ್ಚಲ ಫ್ಯಾನು ತಿರುಗಿದಾಗ ಕೊಳವೆಯೊಳಗಿನ ರೋಗಾಣು ತುಂಬಿದ ಸೂಕ್ಷ್ಮ ಹನಿಗಳು ಮೇಲೆದ್ದು ಒಳಬಂದಿರಬೇಕೆಂದು ತನಿಖೆ ಹೇಳಿತು. ಕಟ್ಟಡದ ಗಾಳಿ ಕೊಳವೆಯಲ್ಲೂ ಬಿರುಕು ಕಂಡುಬಂದಿತ್ತು.

ನಮ್ಮ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಎನ್ನುವುದು ನೆಲದ ಈ ಬಾಗಿಗೇ. ಬೇಸಗೆ ರಜೆಗೆ ಬೀಗ ಹಾಕಿ ಹೋದ ಮನೆಗೆ ಮರಳಿದಾಗ ಬಚ್ಚಲು ನಾರುವುದುಂಟು. ಅಲ್ಲಿ ಕೆಟ್ಟಿರುವುದು ಬಹಳ ಸಲ ಏನೂ ಇಲ್ಲ. ನೀರು ಆರಿರುತ್ತದೆ, ಅಷ್ಟೆ. ಒಂದು ಚೊಂಬು ನೀರು ಸುರಿದರೆ ಕಮ್ಮಿಂಗನ ಬೀಗ ಮತ್ತೆ ಬೀಳುತ್ತದೆ.