ಗುಂಡ, ಸೆಂಟ್ರಲ್ ಪಾರ್ಕು ಮತ್ತು ಒಂದು ಪ್ಲಾಸ್ಟಿಕ್ ಚೀಲ

ನ್ಯೂಯಾರ್ಕಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ನನ್ನ ಪಾಲಿಗೆ ಬಂದ ಕೆಲಸ ಒಂದೇ. ಬೆಳಿಗ್ಗೆ ಎದ್ದು ಅವರ ನಾಯಿ ಗುಂಡನನ್ನು ಸೆಂಟ್ರಲ್ ಪಾರ್ಕಿಗೆ ಸುತ್ತಾಡಿಸಿಕೊಂಡು ಬರೋದು. ಮೊದಲ ದಿನ ಹೊರಟವನನ್ನು ಅಕ್ಕನ ಮಗ ಬಾಗಿಲಲ್ಲೇ ತಡೆದ. "ಮಾವ, ಚೀಲ ತಗೊಂಡ್ರಾ?" ಬರ್ತಾ ತರಕಾರಿ ತರಬೇಕೇನೋ ಅಂದ್ಕೊಂಡೆ. ತರಕಾರಿಗಲ್ಲ ಮಾರಾಯ್ರೇ, ಗುಂಡ ಹಿಂದೆ ಬಿಟ್ಟು ಬಂದದ್ದನ್ನು ಎತ್ತೋದಕ್ಕೆ!

ಬೆಂಗಳೂರಿನ ಗಲ್ಲಿಗಳಲ್ಲಿ ನೆಲ ನೋಡಿಕೊಂಡೇ ನಡೆಯೋದು ಕಲಿತ ನನಗೆ ಇದು ವಿಚಿತ್ರ ಅನ್ನಿಸಿತು. ಈ ಜನ ಹುಟ್ಟಾ ಶಿಸ್ತಿನವರು ಅಂತ ಒಳಗೊಳಗೇ ಮೆಚ್ಚಿಕೊಂಡೂಬಿಟ್ಟೆ. ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದರೆ ಕತೆಯೇ ಬೇರೆ. ಅವರ ಶಿಸ್ತಿಗೆ ಇನ್ನೂ ಐವತ್ತು ವರ್ಷವೂ ಸರಿಯಾಗಿ ತುಂಬಿಲ್ಲ.

ಹಳೇ ಕಾಲದಲ್ಲಿ ಅಲ್ಲಿದ್ದ ನಿಯಮ ಇಷ್ಟೇ: ನಾಯಿಯನ್ನು ಫುಟ್‌ಪಾತಿನಿಂದ ಇಳಿಸಿ ರಸ್ತೆಯಂಚಿನಲ್ಲಿ ಕೂರಿಸಿ. ಎತ್ತುವ ಮಾತೇ ಇಲ್ಲ. 1970ರ ಹೊತ್ತಿಗೆ ನಗರದಲ್ಲಿ ಸುಮಾರು 5 ಲಕ್ಷ ನಾಯಿಗಳಿದ್ದವು ಅಂತ ಅಂದಾಜು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ, ಊಟದ ಹೊತ್ತಾಗಿದ್ದರೆ ಬೇಡ :-)

ಆಗ ಟೀವಿಯಲ್ಲಿ ಗ್ರಾಹಕರಿಗೆ ತಿಳಿವಳಿಕೆ ಹೇಳುತ್ತಿದ್ದ ಫ್ರಾನ್ ಲೀ ಎಂಬಾಕೆ 'ಮೊದಲು ಮಕ್ಕಳು, ಆಮೇಲೆ ನಾಯಿ' ಅಂತ ಹೋರಾಟಕ್ಕಿಳಿದರು. ಅವರ ಭಯಕ್ಕೆ ಕಾರಣ ಟಾಕ್ಸೊಕಾರಾ ಅನ್ನೋ ದುಂಡುಹುಳು. ನಾಯಿಮರಿಗಳ ಕರುಳಲ್ಲಿ ಹೆಚ್ಚಾಗಿರುವ ಈ ಹುಳದ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬೀಳುತ್ತದೆ. ಮಣ್ಣಲ್ಲಿ ಆಡಿದ ಮಗು ಬಾಯಿಗೆ ಕೈ ಹಾಕಿದರೆ ಮೊಟ್ಟೆ ಒಳಗೆ ಹೋಗಿ, ಮರಿಹುಳು ಕಣ್ಣಿಗೆ ಸೇರಿ ದೃಷ್ಟಿಯೇ ಹೋಗಬಹುದು. ಅಪರೂಪವೇ, ಆದರೆ ಸುಳ್ಳಲ್ಲ. ಇಲ್ಲೊಂದು ಸ್ವಾರಸ್ಯವಿದೆ. ಮೊಟ್ಟೆ ಬಿದ್ದ ತಕ್ಷಣ ಸೋಂಕು ತರುವುದಿಲ್ಲ, ಮಣ್ಣಲ್ಲಿ ಕೆಲವು ವಾರ ಬಲಿಯಬೇಕು. ಅಂದರೆ ಆಗಿಂದಾಗ್ಗೆ ಎತ್ತಿಬಿಟ್ಟರೆ ಕತೆ ಅಲ್ಲಿಗೇ ಮುಗೀತು!

ಆದರೆ ನಾಯಿ ಸಾಕಿದವರಿಗೆ ಈ ಹೆಂಗಸು ಪರಮಶತ್ರುವಾದರು. ಸಭೆಯೊಂದರಲ್ಲಿ ಯಾರೋ ಅವರ ಮೇಲೆ ಅದನ್ನೇ ಎಸೆದರಂತೆ, ಹೌದು, ಅದನ್ನೇ. ತಮಾಷೆ ಅಂದರೆ, ಎತ್ತುವ ಕಾನೂನು ಬಂದಾಗ ಅದು ಫ್ರಾನ್ ಲೀಗೂ ಹಿಡಿಸಲಿಲ್ಲ. ನಾಯಿಗಳು ತಮ್ಮ ಕೆಲಸವನ್ನು ಯಜಮಾನನ ಮನೆಯೊಳಗೇ ಮುಗಿಸಲಿ ಅನ್ನೋದು ಅವರ ವಾದ. ಪ್ರಾಣಿದಯಾ ಸಂಘದವರ ವಿರೋಧ ಇನ್ನೊಂದು ದಿಕ್ಕಿನಿಂದ. ಇಂಥ ಹೊರೆ ಹೊರಿಸಿದರೆ ಜನ ನಾಯಿಗಳನ್ನು ಬೀದಿಗೆ ಬಿಟ್ಟುಬಿಡ್ತಾರೆ ಅಂತ. ಅವರ ಆತಂಕವನ್ನು ನಾನು ನಕ್ಕು ತಳ್ಳಿಹಾಕಲಾರೆ.

ನಗರಸಭೆಯಲ್ಲಿ ಕೆಲಸ ಆಗಲಿಲ್ಲ. ಕೊನೆಗೆ ರಾಜ್ಯದ ಶಾಸನಸಭೆಯೇ, 4 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಅಂತ ಕಾನೂನು ಮಾಡಿ, ಅದು ಆಗಸ್ಟ್ 1, 1978ರಂದು ಜಾರಿಗೆ ಬಂತು. ಮೇಯರ್ ಎಡ್ ಕಾಚ್ ಆ ವರ್ಷವಷ್ಟೇ ಕುರ್ಚಿಯಲ್ಲಿ ಕೂತಿದ್ದರು. ಈಗ ದಂಡ 250 ಡಾಲರ್. ಆದರೆ ಕೆಲಸ ಮಾಡಿದ್ದು ದಂಡಕ್ಕಿಂತ ಎದುರು ಬರುವವರ ಕಣ್ಣು ಅಂತ ನನ್ನ ಅನಿಸಿಕೆ. ಗುಂಡ ಕೂತಾಗ ನಾನು ಒಂದು ಕ್ಷಣ ಅನುಮಾನಿಸಿದೆ ನೋಡಿ, ಬೆಂಚಿನ ಮೇಲಿದ್ದ ಅಜ್ಜಿಯ ನೋಟ ಯಾವ ಪೊಲೀಸನಿಗೂ ಬರಲಿಕ್ಕಿಲ್ಲ!

ಹಗ್ಗದ ಜಗಳ ಬೇರೆಯೇ. ಅಲ್ಲಿ ನಾಯಿಯ ಹಗ್ಗ 6 ಅಡಿಗಿಂತ ಉದ್ದ ಇರಕೂಡದು. ಆದರೂ ಬೆಳಿಗ್ಗೆ 9ರ ತನಕ, ರಾತ್ರಿ 9ರ ನಂತರ 843 ಎಕರೆಯ ಸೆಂಟ್ರಲ್ ಪಾರ್ಕಿನ ಎಷ್ಟೋ ಕಡೆ ಬಿಚ್ಚಿ ಬಿಡಬಹುದು. ಮಕ್ಕಳ ಆಟದ ಜಾಗಕ್ಕಂತೂ ಪ್ರವೇಶವೇ ಇಲ್ಲ. ಇದು ಸುಮಾರು ಇಪ್ಪತ್ತು ವರ್ಷ ಬರೀ ಬಾಯಿಮಾತಿನ ರಿಯಾಯಿತಿಯಾಗಿತ್ತು. ಕ್ವೀನ್ಸಿನ ನಾಗರಿಕರ ಸಂಘವೊಂದು ಕೋರ್ಟಿಗೆ ಹೋಯಿತು, 2006ರಲ್ಲಿ ಸೋತಿತು. ಅದೇ ನೆಪವಾಗಿ ಮರುವರ್ಷ ರಿಯಾಯಿತಿ ಲಿಖಿತ ನಿಯಮವಾಯಿತು: ರೇಬಿಸ್ ಲಸಿಕೆ, ಲೈಸೆನ್ಸ್ ಇದ್ದ ನಾಯಿಗೆ ಮಾತ್ರ. ಕತ್ತಲಲ್ಲಿ ನಾಯಿ ಹಿಡಿದು ಓಡಾಡುವವರಿಂದ ಪಾರ್ಕು ಸುರಕ್ಷಿತವಾಯಿತು ಅನ್ನೋ ವಾದವೂ ಇತ್ತು. ನನಗಂತೂ ಅದು ಸರಿ ಅನ್ನಿಸುತ್ತೆ.

ನಮ್ಮ ಕಬ್ಬನ್ ಪಾರ್ಕು 1870ರಲ್ಲಿ ಸ್ಯಾಂಕಿಯವರ ಕಾಲದಲ್ಲಿ ಆದದ್ದು. ಅಲ್ಲಿಗೆ ಸಾಕುನಾಯಿಗಳನ್ನು ತರಲೇಬಾರದು ಅಂತ 2022ರಲ್ಲಿ ತೋಟಗಾರಿಕೆ ಇಲಾಖೆ ಹೊರಟಿತ್ತು. ಗಲೀಜು ಎತ್ತಲ್ಲ, ಹಗ್ಗ ಬಿಚ್ಚಿ ಬಿಡ್ತಾರೆ, ಇವೇ ದೂರುಗಳು. ನಾಯಿ ಸಾಕಿದವರು ಗಲಾಟೆ ಮಾಡಿದರು, ನಿಷೇಧ ಜಾರಿಯಾಗಲಿಲ್ಲ. ನನಗೆ ಖುಷಿಯೇ ಆಯಿತು, ಆದರೆ ದೂರು ಕೊಟ್ಟವರು ಹೇಳಿದ್ದೂ ನಿಜವೇ ಆಗಿತ್ತಲ್ಲ.

ಊರಿಗೆ ಬಂದಮೇಲೆ ಒಂದು ಭಾನುವಾರ ಗೆಳೆಯನ ನಾಯಿಯನ್ನು ಅಲ್ಲಿಗೇ ಕರೆದೊಯ್ದೆ. ಗಂಟು ಕಟ್ಟಿದ ಚೀಲ ಹಿಡಿದು ಕಸದ ಡಬ್ಬ ಹುಡುಕುತ್ತಿದ್ದಾಗ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ಕೇಳಿದರು: "ಏನ್ ಸಾರ್, ಬೆಳಿಗ್ಗೆ ಬೆಳಿಗ್ಗೆ ತಿಂಡಿ ಪಾರ್ಸೆಲ್ಲಾ?"