ಹಿಮ ಬೀಳುವುದು ಬೇರೆ, ಹಿಮ ಕುಸಿಯುವುದು ಬೇರೆ

2016ರ ಫೆಬ್ರುವರಿ 3. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಯೋಧರು ಅದರಡಿ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ, ಹಾಸನದ ತೇಜೂರಿನ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್. ಬೆಟದೂರು ನಮಗೆ ದೂರದ ಊರಲ್ಲ. ಶಿಗ್ಗಾಂವಿ, ಸವಣೂರು ದಾಟಿದರೆ ಕುಂದಗೋಳ ಸೀಮೆ.

ಆಗ ಪತ್ರಿಕೆ, ಟಿವಿಗಳಲ್ಲಿ ಹೆಚ್ಚಾಗಿ ಬಂದ ಪದ 'ಹಿಮಪಾತ'. ಆಕಾಶದಿಂದ ಹಿಮ ಬೀಳುವುದಕ್ಕೂ ಅದೇ ಪದ, ಬೆಟ್ಟದಿಂದ ಹಿಮ ಜಾರಿ ಬರುವುದಕ್ಕೂ ಅದೇ ಪದ. ಅಬಲೂರಿನಂಥ ಊರಲ್ಲಿ ಹಿಮ ಎಂದರೆ ಫ್ರಿಜ್‌ನೊಳಗಿನ ಐಸು, ಇಲ್ಲವೇ ಸಿನಿಮಾ ಹಾಡಿನಲ್ಲಿ ಕಂಡ ಹತ್ತಿಯಂಥ ಬಿಳುಪು. ಹತ್ತಿ ಬಿದ್ದರೆ ಜನ ಹೇಗೆ ಸಾಯುತ್ತಾರೆ? ಆ ಪ್ರಶ್ನೆಗೆ ಉತ್ತರ ಹೆಚ್ಚಿನವರಿಗೆ ಸಿಗಲೇ ಇಲ್ಲ.

ಹೊಸದಾಗಿ ಬಿದ್ದ ಹಿಮ ಹಗುರ ನಿಜ. ಒಂದು ಘನ ಮೀಟರಿಗೆ 100 ಕೆ.ಜಿ. ಆಸುಪಾಸು. ಅದೇ ಹಿಮ ಕುಸಿದು ಒತ್ತಿಕೊಂಡ ಮೇಲೆ 300ರಿಂದ 500 ಕೆ.ಜಿ. ಆಗುತ್ತದೆ. ಅಂದರೆ 50 ಕೆ.ಜಿ.ಯ ಆರರಿಂದ ಹತ್ತು ಗೋವಿನಜೋಳದ ಚೀಲ. ನಿಂತ ಮರುಕ್ಷಣ ಅದು ಗಟ್ಟಿಯಾಗುತ್ತದೆ, ಒಳಗಿದ್ದವರಿಗೆ ಕೈ ಅಲ್ಲಾಡಿಸಲೂ ಆಗುವುದಿಲ್ಲ.

ಕುಸಿಯುವುದು ಯಾಕೆ? ಬೆಟ್ಟದ ಹಿಮ ಒಂದೇ ರಾಶಿಯಲ್ಲ. ಪ್ರತಿ ಸಲ ಬಿದ್ದಾಗ ಒಂದೊಂದು ಪದರ ಕೂಡುತ್ತದೆ. ನಡುವೆ ಒಂದು ಪದರ ಸಕ್ಕರೆಯಂತೆ ಪುಡಿಪುಡಿಯಾಗಿದ್ದರೆ ಮೇಲಿನ ಗಟ್ಟಿ ಪದರಕ್ಕೆ ಹಿಡಿತ ಇರುವುದಿಲ್ಲ. ಬಣವೆಯ ನಡುವೆ ನುಣ್ಣನೆಯ ಹೊಟ್ಟು ಹಾಕಿ, ಮೇಲೆ ಮತ್ತೆ ಮೇವು ಒಟ್ಟಿದ ಹಾಗೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದಲ್ಲಿ ಅಪಾಯ ಹೆಚ್ಚು. ಹೊಸ ಹಿಮದ ಭಾರ, ಗಾಳಿ ತಂದು ಗುಡ್ಡೆ ಹಾಕಿದ ಹಿಮ, ದಿಢೀರ್ ಬಿಸಿಲು, ಕೊನೆಗೆ ಒಬ್ಬ ಮನುಷ್ಯನ ಹೆಜ್ಜೆ ಕೂಡ ಅದನ್ನು ಕೆಳಗಿಳಿಸಬಲ್ಲದು.

ಸಿಯಾಚಿನ್‌ಗೆ ನಮ್ಮ ಸೇನೆ ಹತ್ತಿದ್ದು 1984ರ ಏಪ್ರಿಲ್‌ನಲ್ಲಿ. ಅಂದಿನಿಂದ ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕ್ಕೆ ಸತ್ತವರೇ ಹೆಚ್ಚು. 2012ರ ಏಪ್ರಿಲ್ 7ರಂದು ಗಡಿಯಾಚೆ ಗಯಾರಿಯಲ್ಲಿ ಪಾಕಿಸ್ತಾನದ 140 ಜನ ಹಿಮದಡಿ ಸಿಕ್ಕರು. ಹಿಮಕ್ಕೆ ಯಾವ ದೇಶದ ಸಮವಸ್ತ್ರವೂ ಒಂದೇ.

ಹನುಮಂತಪ್ಪ ಆರನೇ ದಿನ, 25 ಅಡಿಗೂ ಹೆಚ್ಚು ಆಳದಲ್ಲಿ ಜೀವಂತ ಸಿಕ್ಕರು. ಇಡೀ ದೇಶ ಪವಾಡ ಎಂದಿತು. ಅದು ಎಷ್ಟು ಅಪರೂಪ ಎಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಪೂರ್ತಿ ಹೂತವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುಪಾಲು ಜನ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಕೊಲ್ಲುವುದು ಮುಖ್ಯವಾಗಿ ಚಳಿಯಲ್ಲ, ಉಸಿರು ಕಟ್ಟುವುದು. ಟೆಂಟಿನೊಳಗೆ ಉಳಿದ ಗಾಳಿ ಅವರನ್ನು ಅಷ್ಟು ದಿನ ಕಾಯಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಬೆಟದೂರಿನಲ್ಲಿ ಜನಸಾಗರವೇ ಸೇರಿತ್ತು.

ಇದು ಸೈನಿಕರ ಕಥೆ ಮಾತ್ರವೂ ಅಲ್ಲ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಪರ್ವತಾರೋಹಣ ತರಬೇತಿಗೆ ಹೋದವರ ಮೇಲೆ ಹಿಮ ಕುಸಿದು 27 ಜನ ಸತ್ತರು. ಅವರಲ್ಲಿ ಕರ್ನಾಟಕದ ತರುಣರೂ ಇದ್ದರು. ಈಗ ನಮ್ಮ ಕಡೆಯ ಹುಡುಗರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ರಜೆ ಸಿಕ್ಕಾಗ ಹಿಮಾಲಯದ ಟ್ರೆಕ್ಕಿಂಗ್‌ಗೆ ಹೊರಡುತ್ತಾರೆ.

ಹಿಮ ಕುಸಿತದ ಬಗ್ಗೆ ನಮ್ಮ ದೇಶದಲ್ಲೇ ಮುನ್ಸೂಚನೆ ಸಿಗುತ್ತದೆ. ಇದಕ್ಕಾಗಿ 1969ರಲ್ಲೇ ಮನಾಲಿಯಲ್ಲಿ ರಕ್ಷಣಾ ಇಲಾಖೆಯ ಸಂಸ್ಥೆ ಶುರುವಾಯಿತು. ಈಗ ಚಂಡೀಗಢದಿಂದ ಎಚ್ಚರಿಕೆ ಹೊರಡುತ್ತದೆ. ಮನೆಯ ಮಗ ಅಥವಾ ಮಗಳು ಹೊರಟಾಗ ಸ್ವೆಟರ್ ಇಟ್ಟುಕೊಂಡೆಯಾ ಎಂದು ಕೇಳುವುದರ ಜೊತೆಗೆ ಇನ್ನೂ ಮೂರು ಮಾತು ಕೇಳಿ: ಅಲ್ಲಿ ಈ ವಾರ ಎಷ್ಟು ಹಿಮ ಬಿದ್ದಿದೆ? ಇವತ್ತಿನ ಎಚ್ಚರಿಕೆ ಏನಿದೆ? ಟೆಂಟ್ ಹಾಕುವ ಜಾಗದ ಮೇಲೆ ಕಡಿದಾದ ಇಳಿಜಾರು ಇದೆಯಾ? ಉತ್ತರ ಗೊತ್ತಿಲ್ಲ ಎಂದರೆ, ಕರೆದೊಯ್ಯುವವರನ್ನು ಕೇಳಿಕೊಂಡು ಬಂದ ಮೇಲೆಯೇ ಹೊರಡಲಿ.