ಜಾತ್ರೆಯ ಹಾರ್ನು, ಪಡಸಾಲೆಯ ಪೆಟ್ಟಿಗೆ

ಧ್ವನಿವರ್ಧಕ ಎಂಬ ಹೆಸರೇ ತುಸು ದಾರಿ ತಪ್ಪಿಸುವಂಥದು. ಧ್ವನಿಯನ್ನು ದೊಡ್ಡದು ಮಾಡುವುದೇ ಅದರ ಕೆಲಸ ಎಂದು ಹೆಸರು ಹೇಳುತ್ತದೆ. ಆದರೆ ಆ ಕೆಲಸ ಆಂಪ್ಲಿಫೈಯರಿನದು. ಅದು ಕಳಿಸಿದ ವಿದ್ಯುತ್ತನ್ನು ಮತ್ತೆ ಗಾಳಿಯ ಅಲೆಗಳಾಗಿಸಿ ಕಿವಿಗೆ ಮುಟ್ಟಿಸುವುದಷ್ಟೇ ಸ್ಪೀಕರಿನ ಪಾಲಿನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯಲ್ಲಿ ಸ್ಪೀಕರು ಮೊದಲು ಬಯಲಿಗೆ ಬಂತು, ಮನೆಯೊಳಗೆ ಬಂದದ್ದು ಆಮೇಲೆ. ಬಯಲಿನಲ್ಲಿ ಅದಕ್ಕೆ ಇದ್ದ ಅಳತೆಗೋಲು ಒಂದೇ: ಎಷ್ಟು ದೂರ ಕೇಳಿಸುತ್ತದೆ? ಮನೆಗೆ ಬೇಕಾದ ಅಳತೆಗೋಲು ಬೇರೆ. ಆದರೂ ಹಳೆಯ ಅಳತೆಗೋಲೇ ಮನೆಯೊಳಗೂ ನಡೆದುಬಂತು. ಈ ಭಾಗದ ಮನೆಗಳಲ್ಲಿ ಹಾಡು ಕೇಳಿದ ಕಥೆಯೆಂದರೆ ಬಹುಮಟ್ಟಿಗೆ ಈ ಅದಲುಬದಲಿನ ಕಥೆಯೇ.

ಮೈಕು ಬರುವ ಮುಂಚೆ ದೂರ ಮುಟ್ಟುವ ಸಾಮರ್ಥ್ಯವೆಲ್ಲ ಕಂಠದ್ದಾಗಿತ್ತು. ರಾತ್ರಿಯಿಡೀ ನಡೆಯುವ ಬಯಲಾಟ, ಶ್ರೀಕೃಷ್ಣ ಪಾರಿಜಾತ, ಗೀಗೀ ಪದ, ಮೊಹರಮ್ಮಿನ ರಿವಾಯತ್ ಹಾಡು ಇವೆಲ್ಲ ಏರುದನಿಯ ಕಲೆಗಳಾಗಿ ಬೆಳೆದದ್ದರಲ್ಲಿ ಬಯಲಿನ ಪಾಲೂ ಇದೆ. ಕಂಪನಿ ನಾಟಕದ ತಂಬುವಿನಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಕೇಳಬೇಕಿತ್ತು. ಹಂದಿಗನೂರು ಸಿದ್ರಾಮಪ್ಪನವರಂಥ ನಟರನ್ನು ಕೊಟ್ಟ ಸಿಂದಗಿ ಸೀಮೆಗೆ ಎದೆ ತುಂಬಿ ಬರುವ ದನಿಯ ಬೆಲೆ ಚೆನ್ನಾಗಿ ಗೊತ್ತಿತ್ತು.

ಧ್ವನಿಯ ಇನ್ನೊಂದು ಪಾಠ ಜಿಲ್ಲಾ ಕೇಂದ್ರದಲ್ಲಿಯೇ ಇತ್ತು. 1656ರ ಸುಮಾರಿಗೆ ಮುಗಿದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಗೆ ಕೇಳಿಸುತ್ತದೆ, ಒಂದು ಚಪ್ಪಾಳೆ ಏಳೆಂಟು ಬಾರಿ ಮರಳಿ ಬರುತ್ತದೆ. ಶಾಲೆಯ ಪ್ರವಾಸದಲ್ಲಿ ಹೋದ ಮಕ್ಕಳು ಕೂಗಿ ಖುಷಿಪಡುವ ಜಾಗ ಅದು. ಆದರೆ ಅದೇ ಗುಮ್ಮಟದಡಿ ನಿಂತು ಯಾರಾದರೂ ಭಾಷಣ ಮಾಡಿದರೆ ಒಂದು ಮಾತು ಇನ್ನೊಂದರ ಮೇಲೆ ಬಿದ್ದು ಏನೂ ತಿಳಿಯುವುದಿಲ್ಲ. ದನಿ ಹುಟ್ಟುವ ಕಡೆಯಷ್ಟೇ ಅಲ್ಲ, ಅದು ತಾಗಿ ಮರಳುವ ಗೋಡೆಯೂ ಕೇಳುವಿಕೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಆಯ್ಕೆಯೇ ಇಲ್ಲದ ಕಾಲ

ಯಂತ್ರದ ದನಿ ಮೊದಲು ಬಂದದ್ದು ಗ್ರಾಮಾಫೋನಿನೊಂದಿಗೆ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ರೆಕಾರ್ಡು ಒತ್ತುವ ಕಾರ್ಖಾನೆ ಶುರುವಾದ ಮೇಲೆ ಈ ದೇಶದ ಹಾಡುಗಳ ಪ್ಲೇಟುಗಳು ಊರೂರಿಗೆ ಹರಿದುಬಂದವು. ಆಗ ವಿಜಾಪುರ ಜಿಲ್ಲೆಗೇ ಸೇರಿದ್ದ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಇವರ ಕಂಠಗಳು ಆ ಪ್ಲೇಟುಗಳಲ್ಲಿ ಮನೆ ಹೊಕ್ಕವು. ಕೀಲಿ ಕೊಟ್ಟು ತಿರುಗಿಸುವ ಆ ಯಂತ್ರಕ್ಕೆ ಕರೆಂಟು ಬೇಕಿರಲಿಲ್ಲ. ಸೂಜಿಯ ನಡುಕವನ್ನು ಒಂದು ತೆಳು ಬಿಲ್ಲೆ ದನಿಯಾಗಿಸುತ್ತಿತ್ತು, ಅಗಲ ಬಾಯಿಯ ಕಹಳೆ ಆ ದನಿಯನ್ನು ಗಾಳಿಗೆ ದಾಟಿಸುತ್ತಿತ್ತು. ಯಾವ ಯಂತ್ರಕ್ಕೆ ಯಾವ ಕಹಳೆ ಎಂಬುದನ್ನು ಕಾರ್ಖಾನೆಯವರೇ ತೀರ್ಮಾನಿಸಿ ಕಳಿಸುತ್ತಿದ್ದರು.

1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಸ್ಪೀಕರಿನ ಮೂಲರೂಪವನ್ನು ವಿವರಿಸಿದರು. ಅಯಸ್ಕಾಂತದ ನಡುವಿನ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ನೂರು ವರ್ಷ ಕಳೆದರೂ ಬಹುಪಾಲು ಸ್ಪೀಕರುಗಳ ತತ್ವ ಇದೇ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆಗ ಈ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಕರೆಂಟಿಲ್ಲದ ಊರುಗಳಲ್ಲಿ ದೊಡ್ಡ ಬ್ಯಾಟರಿಯ ವಾಲ್ವ್ ರೇಡಿಯೊ, ಮುಂದೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಟ್ರಾನ್ಸಿಸ್ಟರು. ಇಲ್ಲಿಯೂ ಆಂಪ್ಲಿಫೈಯರು, ಸ್ಪೀಕರು, ಕಟ್ಟಿಗೆಯ ಪೆಟ್ಟಿಗೆ ಮೂರೂ ಒಂದಕ್ಕೊಂದು ಹೊಂದುವಂತೆ ಕೂಡಿಯೇ ಬರುತ್ತಿದ್ದವು. ಕೊಳ್ಳುವವನು ಜೋಡಿ ಹೊಂದಿಸುವ ಚಿಂತೆ ಮಾಡಬೇಕಿರಲಿಲ್ಲ.

ಕಿವಿಗೆ ಪಾಠ ಕಲಿಸಿದ ಹಾರ್ನು

ಇದರ ಜೊತೆಜೊತೆಗೇ ಬಯಲಿಗೆ ಬಂದದ್ದು ಮೈಕ್ ಸೆಟ್ಟು. 1940ರಲ್ಲಿ ಆರಂಭವಾದ ಅಹುಜಾ ಕಂಪನಿಯ ಹೆಸರು ಹಳ್ಳಿಗಳಲ್ಲಿ ಹಾರ್ನಿಗೇ ಇನ್ನೊಂದು ಹೆಸರೆಂಬಂತೆ ಬಳಕೆಯಾಯಿತು. ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆ, ಮದುವೆಯ ಹಂದರ, ಚುನಾವಣೆಯ ಜೀಪು, ಗುಡಿಯ ಭಜನೆ, ಮಸೀದಿಯ ಬಾಂಗು ಎಲ್ಲಕ್ಕೂ ಅದೇ ಅಲ್ಯೂಮಿನಿಯಮ್ ಕಹಳೆ. ಯಾವುದೇ ಮನೆಯಲ್ಲಿ ಶುಭಕಾರ್ಯವಿದ್ದರೆ ‘ಮೈಕ್ ಹಚ್ಚುವುದು’ ಕಡ್ಡಾಯವೆಂಬಂತಾಯಿತು.

ಹಾರ್ನಿನ ಗುಟ್ಟು ಅದರ ಮಿತವ್ಯಯದಲ್ಲಿದೆ. ಒಂದು ವ್ಯಾಟ್ ಶಕ್ತಿ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಮನೆಯ ಸಾಮಾನ್ಯ ಪೆಟ್ಟಿಗೆ ಸ್ಪೀಕರು ಸುಮಾರು 87 ಡೆಸಿಬಲ್ ದನಿ ಕೊಡುತ್ತದೆ. ಹಾರ್ನು 105 ಡೆಸಿಬಲ್ಲಿನಷ್ಟು ಕೊಡಬಲ್ಲದು. ಲೆಕ್ಕ ಹಾಕಿದರೆ ಹಾರ್ನು 1 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಪೆಟ್ಟಿಗೆ ಸ್ಪೀಕರಿಗೆ 60ಕ್ಕೂ ಹೆಚ್ಚು ವ್ಯಾಟ್ ಬೇಕು. ಮೋಟಾರು ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಇಡೀ ಊರಿಗೆ ಹಾಡು ಕೇಳಿಸಿದ್ದು ಹೀಗೆ.

ಆದರೆ ಆ ಮಿತವ್ಯಯಕ್ಕೆ ತೆತ್ತ ಬೆಲೆಯೂ ಇತ್ತು. ಚಿಕ್ಕ ಕಹಳೆಯಿಂದ ಕೆಳದನಿ ಹೊರಬರುವುದಿಲ್ಲ. ಸೆಕೆಂಡಿಗೆ ಮುನ್ನೂರು ನಾನೂರು ಕಂಪನಗಳಿಗಿಂತ ಕೆಳಗಿನದನ್ನೆಲ್ಲ ಹಾರ್ನು ಬಹುತೇಕ ನುಂಗಿಬಿಡುತ್ತದೆ. ಮಾತು, ಹಾರ್ಮೋನಿಯಂ, ಭಜನೆಯ ತಾಳ ದಾಟಿಬರುತ್ತವೆ. ಡೊಳ್ಳಿನ ಗುಡುಗು, ತಬಲಾ ಎಡಗದ ಮೀಂಡು, ತಂಬೂರಿಯ ಖರಜದ ತಂತಿ ಉಳಿಯುವುದಿಲ್ಲ. ಹೀಗೆ ಒಂದೆರಡು ತಲೆಮಾರಿನ ಕಿವಿಗಳು ಎರಡು ಪಾಠ ಕಲಿತವು: ಒಳ್ಳೆಯ ಸ್ಪೀಕರೆಂದರೆ ಜೋರಾಗಿ ಕೂಗುವುದು; ಸ್ಪಷ್ಟವೆಂದರೆ ಚುರುಕಾಗಿ ಕಿವಿಗೆ ಚುಚ್ಚುವುದು.

ಗಡಿಗೆಯೊಳಗಿನ ವಿಜ್ಞಾನ

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು 1980ರ ದಶಕದಲ್ಲಿ ಹಳ್ಳಿಹಳ್ಳಿಗೆ ಬಂತು. ತತ್ವಪದ, ಭಜನೆ, ನಾಟಕ, ಸಿನಿಮಾ ಹಾಡು ಎಲ್ಲವೂ ಅಗ್ಗದ ಕ್ಯಾಸೆಟ್ಟಿನಲ್ಲಿ ಸಿಗತೊಡಗಿದವು. ಟೇಪ್ ರೆಕಾರ್ಡರಿನ ಚಿಕ್ಕ ಸ್ಪೀಕರು ಸಾಲದೆನಿಸಿದಾಗ ಜನ ಡೆಕ್ಕು ಬೇರೆ, ಆಂಪ್ಲಿಫೈಯರು ಬೇರೆ, ಸ್ಪೀಕರು ಬೇರೆ ತಂದು ಜೋಡಿಸಿದರು. ಯಾವುದಕ್ಕೆ ಯಾವುದು ಎಂಬ ಪ್ರಶ್ನೆ ಮನೆಯ ಯಜಮಾನನ ಮುಂದೆ ಬಂದದ್ದು ಆಗಲೇ.

ಆಗ ನಮ್ಮ ದೇಶದಲ್ಲೆಲ್ಲ ಕಾಣುತ್ತಿದ್ದ ಒಂದು ಉಪಾಯವೆಂದರೆ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರನ್ನು ಕೂಡಿಸುವುದು. ನಗುವ ವಿಷಯವಲ್ಲ ಇದು. ಬರಿಯ ಶಂಕು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿಯನ್ನು ಎಳೆಯುತ್ತದೆ. ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ, ಕೆಳದನಿ ಸತ್ತುಹೋಗುತ್ತದೆ. ಹಿಂದಿನ ಅಲೆಯನ್ನು ಕಟ್ಟಿಹಾಕಲು ಒಂದು ಮನೆ ಬೇಕು. ಗಡಿಗೆ ಅಂಥದೊಂದು ಮನೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಆಳವಾದ ಕೆಳದನಿ ತೆಗೆದು ತೋರಿಸಿದರು. ಮನೆಯಲ್ಲಿ ಇಡಬಲ್ಲ ಗಾತ್ರದ ಒಳ್ಳೆಯ ಸ್ಪೀಕರಿಗೆ ದಾರಿಯಾದದ್ದು ಅದರಿಂದ. ಮುಂದೆ ಆಸ್ಟ್ರೇಲಿಯದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಕೆಲಸದಿಂದ ಇಂಥ ಸ್ಪೀಕರಿಗೆ ಇಷ್ಟು ಗಾತ್ರದ ಪೆಟ್ಟಿಗೆ ಎಂದು ಲೆಕ್ಕ ಹಾಕುವುದು ಸಾಧ್ಯವಾಯಿತು. ಗಡಿಗೆಯ ಕೊರತೆ ಇದ್ದದ್ದು ಆ ಲೆಕ್ಕದಲ್ಲಿ. ಅದು ತನ್ನ ಹೊಟ್ಟೆಯ ಗಾತ್ರಕ್ಕೆ ತಕ್ಕ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತಿತ್ತು. ಭಜನೆಯಿರಲಿ ಸಿನಿಮಾ ಹಾಡಿರಲಿ, ಒಂದೇ ಗುಂಯ್‌ಗುಡುವಿಕೆ.

ಇದೇ ಹೊತ್ತಿಗೆ ಪೇಟೆಗೆ ಬಂದ ಇನ್ನೊಂದು ಪಿಡುಗು ಪಿ.ಎಂ.ಪಿ.ಒ. ಎಂಬ ನಾಲ್ಕಕ್ಷರ. ಹತ್ತು ವ್ಯಾಟನ್ನೂ ಸರಿಯಾಗಿ ಕೊಡಲಾರದ ಸೆಟ್ಟಿನ ಮೇಲೆ ಸಾವಿರ ವ್ಯಾಟ್ ಎಂದು ಬರೆದಿರುತ್ತಿತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುವ ಗರಿಷ್ಠ ಶಕ್ತಿಯ ಲೆಕ್ಕ ಅದು. ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವುದು ಆರ್.ಎಂ.ಎಸ್. ಅಂಕಿ. ಜೋರೇ ಗುಣವೆಂದು ನಂಬಿದ್ದ ಕಿವಿಗೆ ದೊಡ್ಡ ಅಂಕಿ ಸುಲಭವಾಗಿ ಹಿಡಿಸಿತು.

ಜೋಡಿ ಕೂಡುವ ಬಗೆ

ಹೊಂದಿಸುವ ಲೆಕ್ಕ ನಿಜಕ್ಕೂ ಕಠಿಣವಲ್ಲ. ಮೊದಲನೆಯದು ಓಮ್. ಇದು ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಮನೆಯ ಸ್ಪೀಕರುಗಳು ಸಾಮಾನ್ಯವಾಗಿ 4, 6 ಇಲ್ಲವೇ 8 ಓಮಿನವು. 8 ಓಮಿನ ಎರಡನ್ನು ಒಂದೇ ಜಾಗಕ್ಕೆ ಅಕ್ಕಪಕ್ಕ ಜೋಡಿಸಿದರೆ ತಡೆ 4ಕ್ಕೆ ಇಳಿಯುತ್ತದೆ. ಒಂದರ ಹಿಂದೊಂದು ಜೋಡಿಸಿದರೆ 16ಕ್ಕೆ ಏರುತ್ತದೆ. ಆಂಪ್ಲಿಫೈಯರಿನ ಬೆನ್ನಮೇಲೆ ಬರೆದುದಕ್ಕಿಂತ ಕಡಿಮೆ ಓಮ್ ಹೇರಿದರೆ ಅದು ಕಾದು ಸುಟ್ಟುಕೊಳ್ಳುವ ಸಂಭವವುಂಟು. ಮೈಕ್ ಸೆಟ್ಟಿನ ಆಂಪ್ಲಿಫೈಯರಿನಲ್ಲಿ ಉದ್ದ ತಂತಿಗಾಗಿ 100 ವೋಲ್ಟಿನ ತುದಿಯೂ ಇರುತ್ತದೆ. ಮನೆಯ ಸ್ಪೀಕರನ್ನು ಅದಕ್ಕೆ ನೇರವಾಗಿ ಸಿಕ್ಕಿಸಿದರೆ ಸುರುಳಿ ಉಳಿಯುವುದಿಲ್ಲ.

ಎರಡನೆಯದು ವ್ಯಾಟ್. ಶಕ್ತಿ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ತುಸುವೇ ವ್ಯತ್ಯಾಸ. ದನಿ ಎರಡರಷ್ಟಾಯಿತೆಂದು ಅನ್ನಿಸಲು ಹತ್ತುಪಟ್ಟು ಶಕ್ತಿ ಬೇಕು. ಆದ್ದರಿಂದ 20 ವ್ಯಾಟಿನ ಬದಲು 40 ವ್ಯಾಟಿನ ಸೆಟ್ಟು ತಂದು ಸಿಗುವುದು ಅಲ್ಪ. ಅದರ ಬದಲು 87 ಡೆಸಿಬಲ್ಲಿನ ಸ್ಪೀಕರಿಗಿಂತ 90 ಡೆಸಿಬಲ್ಲಿನದನ್ನು ಆರಿಸಿದರೆ ಅಷ್ಟೇ ಲಾಭ ಸಿಗುತ್ತದೆ. ಚಿಕ್ಕ ಆಂಪ್ಲಿಫೈಯರಿನಿಂದ ದೊಡ್ಡ ಸ್ಪೀಕರಿಗೆ ಅಪಾಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಶಕ್ತಿ ಮೀರಿ ತಿರುಗಿಸಿದಾಗ ಆಂಪ್ಲಿಫೈಯರು ಅಲೆಗಳ ತುದಿ ಕತ್ತರಿಸಿ ಕಳಿಸುತ್ತದೆ. ಮೇಲ್ದನಿಯ ಚಿಕ್ಕ ಟ್ವೀಟರು ಸುಡುವುದು ಬಹಳ ಸಲ ಹೀಗೆಯೇ.

ಮೂರನೆಯದು ಮನೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಎರಡು ಅಡಿಗೂ ಮೀರಿದ ದಪ್ಪದ ಕಲ್ಲು ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಸೆಗಣಿ ಸಾರಿಸಿದ ನೆಲ, ಮೂಲೆಯಲ್ಲಿ ಜೋಳದ ಚೀಲಗಳ ಸಾಲು. ತೊಲೆಗಳು ದನಿಯನ್ನು ಚದುರಿಸುತ್ತವೆ, ಮಣ್ಣು ಮತ್ತು ಚೀಲಗಳು ಹೀರುತ್ತವೆ. ಯಾರೂ ಉದ್ದೇಶಿಸದೆಯೇ ಅವು ಹಾಡು ಕೇಳಲು ತಕ್ಕ ಮನೆಗಳಾಗಿದ್ದವು. ಡೆಕ್ಕು ಬಂದ ಕಾಲಕ್ಕೇ ಮನೆಗಳೂ ಬದಲಾದವು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಕೊಲ್ಹಾರದಂಥ ಊರುಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಮುಳುಗದ ಊರುಗಳಲ್ಲೂ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕುವುದು ಸಾಮಾನ್ಯವಾಯಿತು. ಸಿಮೆಂಟಿನ ಗೋಡೆ, ಫರಸಿ ಇಲ್ಲವೇ ಟೈಲ್ಸ್ ನೆಲ ದನಿಯನ್ನು ಬಹುಪಾಲು ಹಾಗೆಯೇ ಮರಳಿಸುತ್ತವೆ. ಬರಿದಾದ ಕೋಣೆ ಒಂದು ಪುಟ್ಟ ಗೋಲಗುಮ್ಮಟವೇ ಸರಿ. 12 ಅಡಿ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ 47 ಕಂಪನಗಳ ಸುತ್ತಿನ ಕೆಳದನಿ ಗೋಡೆಗಳ ನಡುವೆ ನಿಂತು ಮೊಳಗುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಅದು ಇನ್ನೂ ಹೆಚ್ಚು.

ಇದಕ್ಕೆ ಮದ್ದು ಅಂಗಡಿಗಿಂತ ಹೆಚ್ಚಾಗಿ ಮನೆಯಲ್ಲೇ ಇದೆ. ನೆಲಕ್ಕೆ ಜಮಖಾನೆ, ಎದುರು ಗೋಡೆಗೆ ಅಜ್ಜಿ ಹೊಲಿದ ದಪ್ಪ ಕೌದಿ, ಸ್ಪೀಕರಿಗೂ ಗೋಡೆಗೂ ನಡುವೆ ಒಂದೆರಡು ಅಡಿ ಜಾಗ. ಎರಡು ಸ್ಪೀಕರುಗಳ ನಡುವೆ ಎಷ್ಟು ಅಂತರವೋ ಕೂಡುವವರೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಕುಳಿತರೆ ಹಾಡು ನಡುವಿನಿಂದ ಬಂದಂತೆ ಕೇಳುತ್ತದೆ. ಚಿಕ್ಕ ಕೋಣೆಗೆ ಚಿಕ್ಕ ಪೆಟ್ಟಿಗೆಯೇ ಲೇಸು.

ಉಳಿಯಬೇಕಾದದ್ದು

ಬಯಲಿನ ಸದ್ದಿಗೆ ಕಾನೂನು ಮಿತಿ ಹಾಕಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಮನೆಯೊಳಗಿನ ಕೇಳುಗನ ಕಿವಿಯನ್ನು ಕಾಯಲು ಅಂಥ ನಿಯಮವಿಲ್ಲ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಕೇಳುವುದು ಕಿವಿಯ ಸುರಕ್ಷತೆಯ ಎಲ್ಲೆಯೆಂದು ತಜ್ಞರು ಎಣಿಸುತ್ತಾರೆ. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹೋದ ಕೇಳುವ ಶಕ್ತಿ ಮರಳಿ ಬರುವುದಿಲ್ಲ.

ಕಿವಿಯ ಜೊತೆಗೆ ಕಳೆದುಕೊಳ್ಳಬಹುದಾದದ್ದು ಇನ್ನೊಂದಿದೆ. ಹಾರ್ನಿನಲ್ಲಿ ಡೊಳ್ಳಿನ ಎದೆಬಡಿತ ಮಾಯವಾಗುತ್ತಿತ್ತು. ಇಂದಿನ ಟ್ರ್ಯಾಕ್ಟರ್ ಡಿ.ಜೆ.ಯ ಅಬ್ಬರದಲ್ಲಿ ಕೆಳದನಿಯೊಂದೇ ಮೆರೆದು ಹಾಡಿನ ಮಾತೇ ಮುಳುಗುತ್ತದೆ. ಎರಡೂ ಅರೆಬರೆಯೇ. ಮನೆಗೆ ಸ್ಪೀಕರು ತರುವವರು ಅಂಗಡಿಗೆ ಹೋಗುವಾಗ ಮಾರುವವರು ಹಚ್ಚುವ ಹಾಡನ್ನು ನೆಚ್ಚದೆ, ತಮಗೆ ಪ್ರತಿ ಮಾತೂ ಬಾಯಿಪಾಠವಿರುವ ಭಜನೆಯನ್ನೋ ತತ್ವಪದವನ್ನೋ ಒಯ್ಯುವುದು ಒಳ್ಳೆಯದು. ಅದನ್ನು ಮೆಲ್ಲಗೆ ಹಚ್ಚಿ ಕೇಳಬೇಕು. ಮೆಲುದನಿಯಲ್ಲಿಯೂ ಹಾಡುವವರ ಮಾತು ಬಿಡಿಬಿಡಿಯಾಗಿ ತಿಳಿದು, ತಬಲಾದ ಎಡ ಬಲ ಎರಡೂ ಬೇರೆ ಬೇರೆಯಾಗಿ ಕೇಳಿದರೆ ಆ ಸ್ಪೀಕರು ಮನೆಗೆ ತರಲು ಯೋಗ್ಯ. ಜೋರಾಗಿ ಹಚ್ಚಿದರೆ ಮಾತ್ರ ಚೆನ್ನಾಗಿ ಕೇಳುವಂಥದನ್ನು ಜಾತ್ರೆಗೇ ಬಿಡುವುದು ವಾಸಿ.